ರೂಢನಾಮ ಮತ್ತು ಅಂಕಿತನಾಮ: ಹೈದರಾಬಾದಿನ ‘ಮಾರ್ಮನ್’ ಸಭೆಯ ಹೆಸರಿನ ಜಿಜ್ಞಾಸೆ

೧

ಕನ್ನಡ ವ್ಯಾಕರಣ ಪರಂಪರೆಯು ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಜನರ ಬಳಕೆಯಿಂದ ನೆಲೆಗೊಂಡುದು ರೂಢನಾಮ. ವ್ಯವಹಾರದ ಗುರುತಿಗಾಗಿ ಇಟ್ಟುದು ಅಂಕಿತನಾಮ. ಅರ್ಥಕ್ಕೆ ಅನುಗುಣವಾಗಿ ಬಂದುದು ಅನ್ವರ್ಥನಾಮ. ಈ ವಿಂಗಡಣೆಯನ್ನು ತುಸು ವಿಸ್ತರಿಸಿ ಸಮುದಾಯಗಳ ಹೆಸರುಗಳಿಗೆ ಅನ್ವಯಿಸಿದಾಗ ಒಂದು ತೊಡಕು ಎದುರಾಗುತ್ತದೆ. ಹೊರಗಿನವರು ಕರೆಯುವ ರೂಢನಾಮ ಒಂದಾಗಿ, ಒಳಗಿನವರು ತಮ್ಮದೆಂದು ಒಪ್ಪಿಕೊಂಡ ಅಂಕಿತನಾಮ ಇನ್ನೊಂದಾದಾಗ ಆ ಸಮುದಾಯದ ನಿಜವಾದ ಹೆಸರು ಯಾವುದು? ಅದನ್ನು ನಿರ್ಣಯಿಸುವ ಅಧಿಕಾರ ಯಾರದು?

ಕನ್ನಡಿಗರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ೧೯೭೩ರ ನವೆಂಬರ್ ೧ರಂದು ಮೈಸೂರು ರಾಜ್ಯವು ಕರ್ನಾಟಕವಾದಾಗ ಅದನ್ನು ಬಹುಕಾಲದ ಬಯಕೆಯ ಈಡೇರಿಕೆಯೆಂದು ಸ್ವಾಗತಿಸಿದವರೂ ಇದ್ದರು, ಪರಿಚಿತವಾದ ಹೆಸರೊಂದು ಕೈಬಿಟ್ಟುಹೋಯಿತೆಂದು ಹಳಹಳಿಸಿದವರೂ ಇದ್ದರು. ನಿಜಾಮರ ಆಳ್ವಿಕೆಗೆ ಸೇರಿದ್ದ ಕನ್ನಡ ಜಿಲ್ಲೆಗಳ ಪ್ರದೇಶವು ೨೦೧೯ರಲ್ಲಿ ‘ಹೈದರಾಬಾದ್ ಕರ್ನಾಟಕ’ವೆಂಬ ಹೆಸರನ್ನು ಕಳಚಿ ‘ಕಲ್ಯಾಣ ಕರ್ನಾಟಕ’ವಾಯಿತು, ಆದರೂ ಹಳೆಯ ಹೆಸರು ಮಾತಿನಲ್ಲಿ ಒಮ್ಮೆಗೇ ಅಳಿಸಿಹೋಗಲಿಲ್ಲ. ಹೆಸರನ್ನು ಬದಲಿಸುವ ಆಜ್ಞೆ ಒಂದು ದಿನದಲ್ಲಿ ಹೊರಡುತ್ತದೆ. ನಾಲಗೆಯ ರೂಢಿ ತಲೆಮಾರುಗಳ ಕಾಲ ಉಳಿಯುತ್ತದೆ.

ಹೈದರಾಬಾದು ನಗರದಲ್ಲಿ ನೆಲೆಯೂರಿರುವ ಸಣ್ಣದೊಂದು ಕ್ರೈಸ್ತ ಸಮುದಾಯದ ಹೆಸರಿನ ಸಮಸ್ಯೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು. ಲೋಕವು ‘ಮಾರ್ಮನ್’ ಎಂದು ಕರೆಯುವ ಈ ಸಭೆಯ ಅಧಿಕೃತ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. ಈ ಎರಡು ಹೆಸರುಗಳ ನಡುವಣ ತಿಕ್ಕಾಟ ಅಮೆರಿಕದಲ್ಲಿ ಹುಟ್ಟಿದ್ದು. ಅದು ತೆಲುಗು ನಾಡಿಗೆ ಬಂದಾಗ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಈ ಬದಲಾವಣೆಯನ್ನು ಅರಿಯಲು ಮೊದಲು ಹೆಸರಿನ ಚರಿತ್ರೆಯನ್ನು ಗಮನಿಸಬೇಕು.

೨

ಜೋಸೆಫ್ ಸ್ಮಿತ್ ಎಂಬಾತ ೧೮೩೦ರ ಏಪ್ರಿಲ್ ೬ರಂದು ನ್ಯೂಯಾರ್ಕ್ ಸಂಸ್ಥಾನದಲ್ಲಿ ಈ ಸಭೆಯನ್ನು ಸ್ಥಾಪಿಸಿದಾಗ ಅದರ ಹೆಸರು ‘ಕ್ರಿಸ್ತನ ಸಭೆ’ ಎಂದಷ್ಟೇ ಇತ್ತು. ಅದೇ ಹೆಸರಿನ ಬೇರೆ ಸಭೆಗಳೂ ಆಗ ಅಮೆರಿಕದಲ್ಲಿದ್ದುದರಿಂದ ಅದು ಗುರುತಿಗೆ ಸಾಲದಾಯಿತು. ೧೮೩೪ರಲ್ಲಿ ಸಭೆಯ ಹಿರಿಯರು ‘ಕಡೆಯ ದಿನಗಳ ಪರಿಶುದ್ಧರ ಸಭೆ’ ಎಂಬ ಅರ್ಥದ ಹೆಸರನ್ನು ಸ್ವೀಕರಿಸಿದರು. ಈ ಬದಲಾವಣೆಯಿಂದ ಗುರುತು ಸ್ಪಷ್ಟವಾಯಿತಾದರೂ ಕ್ರಿಸ್ತನ ಹೆಸರೇ ಬಿಟ್ಟುಹೋಯಿತು. ೧೮೩೮ರ ಏಪ್ರಿಲ್ ೨೬ರಂದು ಮಿಸ್ಸೂರಿಯ ಫಾರ್ ವೆಸ್ಟ್ ಎಂಬಲ್ಲಿ ತನಗೆ ದೊರೆತುದೆಂದು ಸ್ಮಿತ್ ಪ್ರಕಟಿಸಿದ ದೈವವಾಣಿಯೊಂದರಲ್ಲಿ ಎರಡೂ ಹೆಸರುಗಳು ಒಂದಾಗಿ ಈಗಿನ ಅಧಿಕೃತ ನಾಮ ರೂಪುಗೊಂಡಿತು. ಅನುಯಾಯಿಗಳ ದೃಷ್ಟಿಯಲ್ಲಿ ಇದು ಸಮಿತಿಯೊಂದು ಚರ್ಚಿಸಿ ಆರಿಸಿದ ಹೆಸರಲ್ಲ, ದೇವರು ಅನುಗ್ರಹಿಸಿದ ಹೆಸರು. ದಾಸಪರಂಪರೆಯಲ್ಲಿ ಗುರುವಿನಿಂದ ಪಡೆದ ಅಂಕಿತವನ್ನು ದಾಸರು ಮನಬಂದಂತೆ ಮಾರ್ಪಡಿಸುವುದಿಲ್ಲ. ಆ ಪರಂಪರೆಯನ್ನು ಬಲ್ಲ ಕನ್ನಡ ಓದುಗರಿಗೆ ಇಲ್ಲಿನ ಶ್ರದ್ಧೆಯ ಸ್ವರೂಪ ಸುಲಭವಾಗಿ ಅರ್ಥವಾದೀತು.

‘ಮಾರ್ಮನ್’ ಎಂಬ ರೂಢನಾಮದ ಹುಟ್ಟು ಬೇರೆ ಬಗೆಯದು. ೧೮೩೦ರಲ್ಲಿ ಸ್ಮಿತ್ ಪ್ರಕಟಿಸಿದ ‘ಮಾರ್ಮನ್ ಗ್ರಂಥ’ವನ್ನು ಸಭೆಯವರು ಬೈಬಲಿನೊಡನೆ ಧರ್ಮಗ್ರಂಥವೆಂದು ಮನ್ನಿಸುತ್ತಾರೆ. ಆ ಗ್ರಂಥದ ಪ್ರಕಾರ ಮಾರ್ಮನ್ ಎಂಬಾತ ಪ್ರಾಚೀನ ಅಮೆರಿಕದ ಪ್ರವಾದಿ. ಪೂರ್ವಿಕರ ದಾಖಲೆಗಳನ್ನು ಸಂಗ್ರಹಿಸಿ ಸಂಕ್ಷೇಪಿಸಿದವನು. ಈ ಗ್ರಂಥವನ್ನು ನಂಬದವರು ನಂಬಿದವರನ್ನು ಹಂಗಿಸಲು ‘ಮಾರ್ಮನೈಟ್’, ‘ಮಾರ್ಮನ್’ ಎಂದು ಕರೆಯತೊಡಗಿದರು. ಹೀಗೆ ಸಂಪಾದಕನೊಬ್ಬನ ಹೆಸರು ಸಮುದಾಯದ ಮೇಲೆ ಅಡ್ಡಹೆಸರಾಗಿ ಬಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಭೆಯಲ್ಲಿ ಆಚರಣೆಯಲ್ಲಿದ್ದ ಬಹುಪತ್ನೀತ್ವವನ್ನು ೧೮೯೦ರ ಘೋಷಣೆಯ ಮೂಲಕ ಕೈಬಿಡಲಾಯಿತಾದರೂ ಹೊರಗಿನವರ ಕಲ್ಪನೆಯಲ್ಲಿ ಅದು ‘ಮಾರ್ಮನ್’ ಎಂಬ ಶಬ್ದಕ್ಕೆ ಅಂಟಿಕೊಂಡೇ ಉಳಿಯಿತು.

ಹಂಗಿಸಲು ಇಟ್ಟ ಹೆಸರನ್ನು ಹಂಗಿಸಿಕೊಂಡವರೇ ಧರಿಸಿ ಗೌರವಕ್ಕೇರಿಸುವುದು ಚರಿತ್ರೆಯಲ್ಲಿ ಅಪರೂಪವಲ್ಲ. ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿಯ ಸಂಗಡಿಗರನ್ನು ಗೇಲಿಮಾಡಲು ಬಳಕೆಗೆ ಬಂದ ‘ಮೆಥಡಿಸ್ಟ್’ ಎಂಬುದು ಮುಂದೆ ಒಂದು ದೊಡ್ಡ ಸಭೆಯ ಅಧಿಕೃತ ನಾಮವೇ ಆಯಿತು. ‘ಕ್ರೈಸ್ತ’ ಎಂಬ ಹೆಸರು ಕೂಡ ಶಿಷ್ಯರಿಗೆ ಮೊದಲು ಅಂತಿಯೋಕ್ಯದಲ್ಲಿ ಬಂದಿತೆಂದು ಅಪೊಸ್ತಲರ ಕೃತ್ಯಗಳು ತಿಳಿಸುತ್ತವೆ. ‘ಮಾರ್ಮನ್’ ಎಂಬುದೂ ಇದೇ ಹಾದಿಯಲ್ಲಿ ಸಾಗಿತು. ಸಾಲ್ಟ್ ಲೇಕ್ ನಗರದ ಸುಪ್ರಸಿದ್ಧ ಗಾಯನವೃಂದವು ‘ಮಾರ್ಮನ್ ಟ್ಯಾಬರ್ನೇಕಲ್ ಕ್ವಾಯರ್’ ಎಂಬ ಹೆಸರಿನಿಂದಲೇ ಲೋಕಪ್ರಸಿದ್ಧವಾಯಿತು.

೩

ಅಡ್ಡಹೆಸರನ್ನು ಒಪ್ಪಬೇಕೇ, ತೊರೆಯಬೇಕೇ ಎಂಬ ವಿಷಯದಲ್ಲಿ ಸಭೆಯ ನಾಯಕತ್ವದಲ್ಲಿಯೇ ಏಕಾಭಿಪ್ರಾಯವಿರಲಿಲ್ಲ. ೧೯೯೦ರ ಏಪ್ರಿಲ್ ಮಹಾಸಮ್ಮೇಳನದಲ್ಲಿ ರಸೆಲ್ ಎಂ. ನೆಲ್ಸನ್ ಅವರು ೧೮೩೮ರ ದೈವವಾಣಿಯನ್ನು ಆಧರಿಸಿ, ಸಭೆಯನ್ನು ಅದರ ಪೂರ್ಣ ನಾಮದಿಂದಲೇ ಕರೆಯಬೇಕೆಂದು ಪ್ರತಿಪಾದಿಸಿದರು. ಅದೇ ವರ್ಷದ ಅಕ್ಟೋಬರ್ ಸಮ್ಮೇಳನದಲ್ಲಿ ಗಾರ್ಡನ್ ಬಿ. ಹಿಂಕ್ಲಿ ಅವರು ಬೇರೊಂದು ನಿಲುವನ್ನು ಮುಂದಿಟ್ಟರು. ಪೂರ್ಣ ನಾಮದ ಮಹತ್ತ್ವವನ್ನು ಅವರು ನಿರಾಕರಿಸಲಿಲ್ಲ. ಆದರೆ ಜನರು ಚಿಕ್ಕ ಹೆಸರನ್ನು ಬಳಸುವುದನ್ನು ತಡೆಯಲಾಗದು, ಆದುದರಿಂದ ‘ಮಾರ್ಮನ್’ ಎಂದೊಡನೆ ಒಳಿತು ನೆನಪಾಗುವಂತೆ ಬದುಕುವುದೇ ಸರಿಯಾದ ಮಾರ್ಗ ಎಂಬುದು ಅವರ ಮಾತಿನ ಸಾರ. ಒಬ್ಬರು ಹೆಸರನ್ನು ಸರಿಪಡಿಸಿರಿ ಎಂದರೆ ಇನ್ನೊಬ್ಬರು ಹೆಸರಿನ ಅರ್ಥವನ್ನು ಸರಿಪಡಿಸಿರಿ ಎಂದರು. ಸದಸ್ಯರ ಮನಸ್ಸಿನ ಇಬ್ಬಂದಿತನಕ್ಕೆ ಈ ಎರಡು ಭಾಷಣಗಳಿಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

೧೯೯೫ರಿಂದ ೨೦೦೮ರವರೆಗೆ ಹಿಂಕ್ಲಿಯವರೇ ಸಭೆಯ ಅಧ್ಯಕ್ಷರಾಗಿದ್ದರು. ೧೯೮೨ರಲ್ಲಿ ಮಾರ್ಮನ್ ಗ್ರಂಥಕ್ಕೆ ಯೇಸು ಕ್ರಿಸ್ತನ ಮತ್ತೊಂದು ಒಡಂಬಡಿಕೆಯೆಂಬ ಉಪಶೀರ್ಷಿಕೆ ಸೇರಿದ್ದಿತು. ೧೯೯೫ರಲ್ಲಿ ಸಭೆಯ ಲಾಂಛನದಲ್ಲಿ ಕ್ರಿಸ್ತನ ಹೆಸರು ಹಿರಿದಾಯಿತು. ಇನ್ನೊಂದು ಕಡೆ, ೨೦೧೦ರಲ್ಲಿ ಆರಂಭವಾದ ‘ನಾನು ಮಾರ್ಮನ್’ ಎಂಬ ಪ್ರಚಾರಕಾರ್ಯದಲ್ಲಿ ಸಾಮಾನ್ಯ ಸದಸ್ಯರು ತಮ್ಮ ವೃತ್ತಿ, ಸಂಸಾರ, ನಂಬಿಕೆಗಳನ್ನು ಪರಿಚಯಿಸಿ ಕೊನೆಯಲ್ಲಿ ಆ ಹೆಸರನ್ನು ಹೆಮ್ಮೆಯಿಂದ ಹೇಳಿಕೊಂಡರು. ೨೦೧೪ರಲ್ಲಿ ಸಭೆಯೇ ‘ಮೀಟ್ ದ ಮಾರ್ಮನ್ಸ್’ ಎಂಬ ಚಲನಚಿತ್ರವನ್ನು ಹೊರತಂದಿತು. ರೂಢನಾಮವನ್ನು ಅನ್ವರ್ಥಗೊಳಿಸುವ ಹಿಂಕ್ಲಿಯವರ ಮಾರ್ಗವೇ ಗೆದ್ದಂತೆ ತೋರುತ್ತಿತ್ತು.

೨೦೧೮ರ ಜನವರಿಯಲ್ಲಿ ನೆಲ್ಸನ್ (೧೯೨೪-೨೦೨೫) ಅಧ್ಯಕ್ಷರಾದರು. ಅದೇ ವರ್ಷದ ಆಗಸ್ಟ್ ೧೬ರ ಹೇಳಿಕೆಯಲ್ಲಿಯೂ ಅಕ್ಟೋಬರ್ ಸಮ್ಮೇಳನದ ಭಾಷಣದಲ್ಲಿಯೂ ಅವರು ತಮ್ಮ ಹಳೆಯ ನಿಲುವನ್ನು ಸಭೆಯ ಅಧಿಕೃತ ನೀತಿಯಾಗಿಸಿದರು. ಇದು ಹೊಸ ಹೆಸರಲ್ಲ, ತಿದ್ದುಪಡಿ ಎಂಬುದು ಅವರ ವಾದ. ಅಡ್ಡಹೆಸರಿನ ಬಳಕೆಯಿಂದ ಸಭೆಯ ಹೆಸರಿನಿಂದ ಕ್ರಿಸ್ತನನ್ನೇ ತೆಗೆದುಹಾಕಿದಂತಾಗುತ್ತದೆ, ಅದು ಸೈತಾನನಿಗೆ ದೊರೆತ ದೊಡ್ಡ ಜಯ ಎಂದು ಅವರು ಕಟುವಾಗಿಯೇ ನುಡಿದರು. ‘ಎಲ್.ಡಿ.ಎಸ್.’ ಎಂಬ ಅಕ್ಷರಸಂಕ್ಷೇಪವೂ ನಿರುತ್ತೇಜನಕ್ಕೆ ಒಳಗಾಯಿತು. ಗಾಯನವೃಂದದ ಹೆಸರಿನಿಂದ ‘ಮಾರ್ಮನ್’ ಮರೆಯಾಯಿತು. ಆದರೆ ಗ್ರಂಥದ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಕ್ರಿಸ್ತನಾಮಕ್ಕೆ ದೊರೆತ ಪ್ರಾಧಾನ್ಯದಿಂದ ಹರ್ಷಿತರಾದ ಸದಸ್ಯರು ಒಂದು ಕಡೆ. ಕೆಲವೇ ವರ್ಷಗಳ ಹಿಂದೆ ಸಭೆಯ ಕರೆಗೆ ಓಗೊಟ್ಟು ‘ನಾನು ಮಾರ್ಮನ್’ ಎಂದು ಸಾರಿದವರು, ನಾಲ್ಕಾರು ತಲೆಮಾರುಗಳಿಂದ ಆ ಹೆಸರಿನೊಡನೆ ಬೆಳೆದವರು ಇನ್ನೊಂದು ಕಡೆ. ನಿಂದೆಯನ್ನು ಸಹಿಸಿ, ವಲಸೆಯ ಕಷ್ಟಗಳನ್ನು ಅನುಭವಿಸಿ, ಒಂದು ಶಬ್ದವನ್ನು ಕಳಂಕದಿಂದ ಬಿಡಿಸಿಕೊಂಡ ಕುಲದವರಿಗೆ ಆ ಶಬ್ದವೇ ಅಪರಾಧವೆಂದು ಕೇಳುವುದು ಸುಲಭದ ಮಾತಲ್ಲ. ವಿದ್ವಾಂಸರಿಗೂ ತೊಡಕಿದೆ. ಸ್ಮಿತ್‌ನ ಪರಂಪರೆಗೆ ಸೇರಿದ ಸಭೆಗಳು ಹಲವು; ಅವುಗಳೆಲ್ಲವನ್ನೂ ಒಟ್ಟಾಗಿ ಸೂಚಿಸಲು ‘ಮಾರ್ಮನ್’ ಎಂಬ ಪದವೇ ಅನುಕೂಲಕರ. ಆ ಪರಂಪರೆಯ ಇನ್ನೊಂದು ಮುಖ್ಯ ಶಾಖೆಯಂತೂ ೨೦೦೧ರಲ್ಲಿಯೇ ತನ್ನ ದೀರ್ಘ ನಾಮವನ್ನು ತೊರೆದು ‘ಕ್ರಿಸ್ತನ ಸಮುದಾಯ’ ಎಂಬ ಅರ್ಥದ ಚಿಕ್ಕ ಹೆಸರನ್ನು ಧರಿಸಿದೆ.

೪

ಈ ವಿವಾದವು ಹೈದರಾಬಾದನ್ನು ತಲುಪುವಾಗ ಪರಿಸ್ಥಿತಿ ಬೇರೆಯಾಗುತ್ತದೆ. ೧೮೫೦ರ ದಶಕದಲ್ಲಿ ಈ ಸಭೆಯ ಪ್ರಚಾರಕರು ಕಲ್ಕತ್ತೆ, ಬೊಂಬಾಯಿಗಳಿಗೆ ಬಂದಿದ್ದರಾದರೂ ಅವರ ಪ್ರಯತ್ನ ನೆಲೆಗೊಳ್ಳಲಿಲ್ಲ. ಹೈದರಾಬಾದಿನ ಸಭೆಯ ಮೂಲ ೧೯೭೮ರ ಡಿಸೆಂಬರಿನಲ್ಲಿದೆ. ಸಮೋವಾ ದ್ವೀಪದಲ್ಲಿ ಕೀಟವಿಜ್ಞಾನಿಯಾಗಿದ್ದು ಅಲ್ಲಿಯೇ ಈ ಸಭೆಗೆ ಸೇರಿದ ಎಡ್ವಿನ್ ಧರ್ಮರಾಜು ಮತ್ತು ಅವರ ಪತ್ನಿ ಎಲ್ಸಿ ಅಲ್ಪಾವಧಿಯ ಪ್ರಚಾರಕರಾಗಿ ತಮ್ಮ ಊರಿಗೆ ಮರಳಿದರು. ಅವರ ಬಂಧುಗಳಲ್ಲಿ ಹಲವರು ದೀಕ್ಷಾಸ್ನಾನ ಪಡೆದರು. ಎಲ್ಸಿಯವರ ತಂದೆ ಬ್ಯಾಪ್ಟಿಸ್ಟ್ ಸಭೆಯ ಪಾದ್ರಿ. ಮಾರ್ಮನ್ ಗ್ರಂಥವನ್ನು ತೆಲುಗಿಗೆ ಅನುವಾದಿಸುವ ಹೊಣೆ ಅವರದಾಯಿತು. ೧೯೮೨ರಲ್ಲಿ ಅದರ ಆಯ್ದ ಭಾಗಗಳು ತೆಲುಗಿನಲ್ಲಿ ಪ್ರಕಟವಾದವು. ೧೯೯೩ರಲ್ಲಿ ಬೆಂಗಳೂರು ಕೇಂದ್ರವಾಗಿ ಭಾರತದ ಮಿಷನ್ ರಚನೆಗೊಂಡಿತು. ‘ಸ್ಟೇಕ್’ ಎಂದು ಕರೆಯಲಾಗುವ, ಹಲವು ಸ್ಥಳೀಯ ಸಭೆಗಳನ್ನೊಳಗೊಂಡ ಆಡಳಿತ ಘಟಕವು ಭಾರತದಲ್ಲಿ ಮೊತ್ತಮೊದಲು ೨೦೧೨ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿಯೇ ಸ್ಥಾಪಿತವಾಯಿತು. ಸಭೆಯ ಭಾರತದ ಮೊದಲ ದೇವಮಂದಿರಕ್ಕೆ ಬೆಂಗಳೂರನ್ನು ಆಯ್ದುಕೊಂಡುದು ೨೦೧೮ರ ಏಪ್ರಿಲಿನಲ್ಲಿ ಪ್ರಕಟವಾಯಿತು. ೨೦೨೦ರ ಡಿಸೆಂಬರಿನಲ್ಲಿ ಅದರ ಭೂಮಿಪೂಜೆಗೆ ಸಮನಾದ ವಿಧಿ ನಡೆಯಿತು.

ಈ ಚರಿತ್ರೆಯಲ್ಲಿ ಒಂದು ಅಂಶ ಹೆಸರಿನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಸಭೆ ಮೊದಲು ಬೇರೂರಿದ್ದು ಕ್ರೈಸ್ತ ಕುಟುಂಬಗಳಲ್ಲಿ. ತೆಲುಗು ಸೀಮೆಯಲ್ಲಿ ಬ್ಯಾಪ್ಟಿಸ್ಟರು, ವೆಸ್ಲಿಯನ್ನರು, ಕಥೋಲಿಕರು ಬಹುಕಾಲದಿಂದ ನೆಲೆಸಿದ್ದಾರೆ. ಹೈದರಾಬಾದಿನಿಂದ ದೂರವಲ್ಲದ ಮೆದಕ್ಕಿನಲ್ಲಿ ೧೯೨೪ರಲ್ಲಿ ಪ್ರತಿಷ್ಠಾಪನೆಗೊಂಡ ಮಹಾದೇವಾಲಯ ವೆಸ್ಲಿಯನ್ನರ ಕೊಡುಗೆ. ಇಂಥ ಪರಿಸರದಲ್ಲಿ ಒಬ್ಬಾತ ಹೊಸ ಸಭೆಗೆ ಸೇರಿದಾಗ ಬಂಧುಗಳಿಂದ ಬರುವ ಪ್ರಶ್ನೆ ‘ನೀವು ಯಾವ ಸಭೆ?’ ಎಂಬುದು, ಅದರ ಹಿಂದಿನ ಅನುಮಾನ ‘ನೀವು ಈಗಲೂ ಕ್ರೈಸ್ತರೇ?’ ಎಂಬುದು. ಬೈಬಲಿನ ಜೊತೆಗೆ ಮತ್ತೊಂದು ಗ್ರಂಥವನ್ನು ಮನ್ನಿಸುವುದರಿಂದಲೂ ತ್ರಿತ್ವದ ವಿಷಯದಲ್ಲಿ ಬೇರೆ ಬೋಧನೆ ಇರುವುದರಿಂದಲೂ ಇತರ ಸಭೆಗಳು ಈ ಸಭೆಯ ಕ್ರೈಸ್ತತ್ವವನ್ನು ಪ್ರಶ್ನಿಸುತ್ತ ಬಂದಿವೆ. ಹೀಗಾಗಿ ಅಮೆರಿಕದ ಸದಸ್ಯನಿಗೆ ಹೆಸರು ಪೂರ್ವಿಕರ ನೆನಪಿನ ಪ್ರಶ್ನೆಯಾದರೆ ಹೈದರಾಬಾದಿನ ಸದಸ್ಯನಿಗೆ ಅದು ನೆಂಟರ ಪಂಕ್ತಿಯಲ್ಲಿ ತನ್ನ ಸ್ಥಾನದ ಪ್ರಶ್ನೆ.

ಈ ಸನ್ನಿವೇಶದಲ್ಲಿ ಎರಡು ವಿರುದ್ಧ ಭಾವನೆಗಳಿಗೆ ಸಮಾನ ಅವಕಾಶವಿದೆ. ಪೂರ್ಣ ನಾಮದಲ್ಲಿ ಯೇಸು ಕ್ರಿಸ್ತನ ಹೆಸರಿದೆ. ಅದನ್ನು ಉಚ್ಚರಿಸಿದೊಡನೆ ಅನುಮಾನಕ್ಕೆ ಉತ್ತರ ಕೊಟ್ಟಂತಾಗುತ್ತದೆ. ‘ಮಾರ್ಮನ್’ ಎಂಬುದು ತೆಲುಗು ಕಿವಿಗೆ ಅರ್ಥಹೀನ ಧ್ವನಿ. ಅದನ್ನು ಬಲ್ಲವರು ಯಾರಾದರೂ ಇದ್ದರೆ ಅವರು ಬಲ್ಲುದು ಬಹುಪತ್ನೀತ್ವದ ಕತೆಗಳನ್ನು. ಇಲ್ಲಿ ಆ ಹೆಸರಿಗೆ ತಲೆಮಾರುಗಳ ಬೇರಿಲ್ಲವಾದುದರಿಂದ ಅದನ್ನು ಬಿಡುವುದರಲ್ಲಿ ನಷ್ಟವೂ ಕಡಿಮೆ. ಈ ದೃಷ್ಟಿಯಿಂದ ೨೦೧೮ರ ತಿದ್ದುಪಡಿ ಹೈದರಾಬಾದಿನ ಸದಸ್ಯರಿಗೆ ಬಿಡುಗಡೆಯಾಗಿ ಒದಗುತ್ತದೆ.

ಇನ್ನೊಂದು ದೃಷ್ಟಿಯಿಂದ ಅದೇ ತಿದ್ದುಪಡಿ ಹೊಸ ಇಕ್ಕಟ್ಟನ್ನು ತರುತ್ತದೆ. ಪೂರ್ಣ ನಾಮ ದೀರ್ಘವಾದುದರಿಂದ ಎರಡನೆಯ ಬಾರಿಗೆ ‘ಯೇಸು ಕ್ರಿಸ್ತನ ಸಭೆ’ ಎಂದು ಸಂಕ್ಷೇಪಿಸಬಹುದೆಂದು ಸಭೆಯ ಸೂಚನೆ. ಆದರೆ ಯೇಸು ಕ್ರಿಸ್ತನ ಸಭೆಯಲ್ಲದ ಕ್ರೈಸ್ತ ಸಭೆ ಯಾವುದಿದೆ? ಬ್ಯಾಪ್ಟಿಸ್ಟನಿಗೂ ವೆಸ್ಲಿಯನ್ನನಿಗೂ ತಾನು ಹೋಗುವುದು ಯೇಸು ಕ್ರಿಸ್ತನ ಸಭೆಗೇ. ಹಾಗಾಗಿ ಈ ಸಂಕ್ಷೇಪವು ಕೇಳುವವನಿಗೆ ಏನನ್ನೂ ತಿಳಿಸದೆ ಹೋಗಬಹುದು, ಇಲ್ಲವೇ ‘ನಮ್ಮದು ಮಾತ್ರ ಆತನ ಸಭೆ’ ಎಂಬ ಹಕ್ಕಿನ ಮಾತಾಗಿ ಕೇಳಿಸಬಹುದು. ೧೮೩೦ರ ‘ಕ್ರಿಸ್ತನ ಸಭೆ’ ಎಂಬ ಹೆಸರು ಎದುರಿಸಿದ ತೊಡಕು ಇಲ್ಲಿ ಮತ್ತೆ ಮರುಕಳಿಸಿದೆ. ರೂಢನಾಮವು ಎಷ್ಟೇ ಒರಟಾಗಿದ್ದರೂ ಗುರುತಿಸುವ ಕೆಲಸವನ್ನು ಮಾಡುತ್ತಿತ್ತು.

೫

ಭಾಷಾಂತರದ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮವಾದುದು. ಕನ್ನಡ ವಿದ್ಯಾರ್ಥಿಗಳಿಗೆ ಹೆಚ್ಚು ಪ್ರಯೋಜನಕರವಾದ ಭಾಗವೂ ಇದೇ. ತೆಲುಗಿನಲ್ಲಿ ಸಭೆಯ ಹೆಸರು ‘ಕಡವರಿ ದಿನ ಪರಿಶುದ್ಧುಲ ಯೇಸು ಕ್ರೀಸ್ತು ಸಂಘಮು’ ಎಂದು ರೂಪುಗೊಂಡಿದೆ. ಇಂಗ್ಲಿಷಿನಲ್ಲಿ ‘ಸಭೆ’ ಎಂಬ ಶಬ್ದ ಮೊದಲು ಬಂದು, ಅದರ ಹಿಂದೆ ‘ಯೇಸು ಕ್ರಿಸ್ತನ’, ‘ಕಡೆಯ ದಿನಗಳ ಪರಿಶುದ್ಧರ’ ಎಂಬ ಎರಡು ಸಂಬಂಧಗಳು ಒಂದರ ಬಳಿಕ ಒಂದು ಸೇರುತ್ತವೆ. ಸಭೆ ಕ್ರಿಸ್ತನಿಗೂ ಸೇರಿದ್ದು, ಪರಿಶುದ್ಧರಿಗೂ ಸೇರಿದ್ದು ಎಂಬುದು ತಾತ್ಪರ್ಯ. ದ್ರಾವಿಡ ಭಾಷೆಗಳಲ್ಲಿ ವಿಶೇಷಣಗಳೆಲ್ಲ ವಿಶೇಷ್ಯದ ಹಿಂದೆಯೇ ಸಾಲುಗೊಳ್ಳಬೇಕು. ಷಷ್ಠೀ ವಿಭಕ್ತಿಯ ಪದವು ತನ್ನ ಮುಂದಿನ ಪದಕ್ಕೆ ಅಂಟಿಕೊಳ್ಳುವುದು ಸಹಜ. ಹೀಗಾಗಿ ‘ಕಡೆಯ ದಿನಗಳ ಪರಿಶುದ್ಧರ ಯೇಸು ಕ್ರಿಸ್ತನ ಸಭೆ’ ಎಂದರೆ ‘ಪರಿಶುದ್ಧರ ಯೇಸು ಕ್ರಿಸ್ತ’ ಎಂದು ಅನ್ವಯವಾಗುವ ಅಪಾಯವಿದೆ. ಈ ಜನರ ಕ್ರಿಸ್ತ ಬೇರೆ ಎಂಬ ಎದುರಾಳಿಗಳ ಆಕ್ಷೇಪವನ್ನೇ ಅದು ಪೋಷಿಸಬಲ್ಲುದು. ಕ್ರಮವನ್ನು ತಿರುಗಿಸಿ ‘ಯೇಸು ಕ್ರಿಸ್ತನ ಕಡೆಯ ದಿನಗಳ ಪರಿಶುದ್ಧರ ಸಭೆ’ ಎಂದರೆ ಕ್ರಿಸ್ತನ ಹೆಸರು ಮುಂದೆ ಬರುತ್ತದೆ ನಿಜ. ಆದರೆ ‘ಯೇಸು ಕ್ರಿಸ್ತನ ಕಡೆಯ ದಿನಗಳು’ ಎಂಬ ಅನರ್ಥ ಹುಟ್ಟುತ್ತದೆ. ‘ಕಡೆಯ ದಿನಗಳು’ ಎಂಬುದು ಬೈಬಲಿನ ಪರಿಭಾಷೆಯಲ್ಲಿ ಯುಗಾಂತ್ಯವನ್ನು ಸೂಚಿಸಿದರೂ ನಿತ್ಯದ ಮಾತಿನಲ್ಲಿ ಅದು ಮುಪ್ಪನ್ನೂ ಮರಣವನ್ನೂ ನೆನಪಿಸುವ ನುಡಿ.

‘ಸೇಂಟ್’ ಎಂಬ ಪದದ ಅನುವಾದವೂ ನಿರಾಳವಲ್ಲ. ಕನ್ನಡ ಕಥೋಲಿಕರಲ್ಲಿ ‘ಸಂತ’ ಎಂದರೆ ಧರ್ಮಸಭೆಯು ವಿಧಿಪೂರ್ವಕವಾಗಿ ಆ ಪದವಿಗೇರಿಸಿದ ಮಹಾತ್ಮರು. ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಹೆಸರಿನಲ್ಲಿಯೂ ಈ ಪದವಿದೆ. ಕನ್ನಡದ ಇತರ ಓದುಗರಿಗೆ ಆ ಪದ ದಾಸರನ್ನೂ ವಾರಕರಿ ಪರಂಪರೆಯವರನ್ನೂ ನೆನಪಿಗೆ ತರುತ್ತದೆ. ಪೌಲನ ಪತ್ರಗಳಲ್ಲಿಯಾದರೋ ಅದು ಸಭೆಯ ಸಾಮಾನ್ಯ ಸದಸ್ಯರಿಗೆಲ್ಲ ಸಲ್ಲುವ ಸಂಬೋಧನೆ. ಕನ್ನಡ ಬೈಬಲಿನ ಅನುವಾದಕರು ಇದಕ್ಕಾಗಿಯೇ ‘ದೇವಜನರು’ ಎಂಬಂಥ ಪದವನ್ನು ಬಳಸಿದುದುಂಟು. ಈ ಸಭೆಯವರು ಬಯಸುವುದೂ ಆ ಸಾಮಾನ್ಯ ಅರ್ಥವನ್ನೇ. ಆದರೆ ‘ಮಾರ್ಮನ್’ ಎಂಬುದನ್ನು ತೊರೆದ ಸದಸ್ಯ ತನ್ನನ್ನು ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ ಪರಿಚಯಿಸಿಕೊಳ್ಳುವಾಗ ‘ನಾನು ಪರಿಶುದ್ಧ’ ಎನ್ನಬೇಕಾಗುತ್ತದೆ. ಭಕ್ತನು ತನ್ನನ್ನು ಕಿಂಕರನೆಂದು, ಕಿರಿಯನೆಂದು ಹೇಳಿಕೊಳ್ಳುವುದೇ ವಿನಯವೆಂದು ಬಗೆದ ಸಂಸ್ಕೃತಿಯಲ್ಲಿ ಈ ಮಾತು ನಾಲಗೆಯ ಮೇಲೆ ತಡವರಿಸುತ್ತದೆ. ಇಂಗ್ಲಿಷಿನ ಹೆಸರನ್ನು ಅನುವಾದಿಸದೆ ಹಾಗೆಯೇ ಹೇಳಿಬಿಟ್ಟರೆ ಈ ಮುಜುಗರ ತಪ್ಪುತ್ತದೆ; ಆದರೆ ಹೆಸರಿನ ಅರ್ಥವನ್ನು ತಿಳಿಯಪಡಿಸುವ ಉದ್ದೇಶವೇ ಅಲ್ಲಿ ಸೋಲುತ್ತದೆ. ಇಂಗ್ಲಿಷ್ ತಿಳಿಯದ ನೆರೆಯವನಿಗೆ ಅದು ‘ಮಾರ್ಮನ್’ ಎಂಬುದಕ್ಕಿಂತ ಉದ್ದವಾದ ಇನ್ನೊಂದು ರೂಢನಾಮ, ಅಷ್ಟೆ.

ಈ ಸಂದಿಗ್ಧತೆಗೆ ಕನ್ನಡದಲ್ಲಿ ಒಂದು ಪರಿಹಾರ ಸಾಧ್ಯ. ಎರಡು ಷಷ್ಠಿಗಳಲ್ಲಿ ಒಂದನ್ನು ಕೃದಂತವಾಗಿ ಬದಲಿಸಿ ‘ಕಡೆಯ ದಿನಗಳ ದೇವಜನರು ಕೂಡಿದ ಯೇಸು ಕ್ರಿಸ್ತನ ಸಭೆ’ ಎಂದರೆ ಎರಡೂ ಸಂಬಂಧಗಳು ತಮ್ಮತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ. ಆದರೆ ಇಲ್ಲಿ ಮೂಲದಲ್ಲಿಲ್ಲದ ‘ಕೂಡಿದ’ ಎಂಬ ಕ್ರಿಯೆಯನ್ನು ಸೇರಿಸಬೇಕಾಯಿತು. ದೈವದತ್ತವೆಂದು ನಂಬಿದ ಹೆಸರಿಗೆ ಒಂದು ಪದವನ್ನು ಕೂಡಿಸುವ ಅಧಿಕಾರ ಅನುವಾದಕನಿಗೆ ಉಂಟೇ ಎಂಬ ಪ್ರಶ್ನೆ ಭಕ್ತರಲ್ಲಿ ಏಳದಿರದು. ವ್ಯಾಕರಣವು ಬಿಡಿಸಿದ ಗಂಟನ್ನು ಶ್ರದ್ಧೆಯು ಮತ್ತೆ ಬಿಗಿಯಬಹುದು.

೬

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದಿಷ್ಟು. ಅಮೆರಿಕದಲ್ಲಿ ‘ಮಾರ್ಮನ್’ ಎಂಬುದು ರೂಢಿಯಾಗಿತ್ತು. ಅಂಕಿತನಾಮಕ್ಕಾಗಿ ಅದನ್ನು ಬಿಡುವುದು ಕಷ್ಟವಾಯಿತು. ಹೈದರಾಬಾದಿನಲ್ಲಿ ಬಿಡುವುದು ಕಷ್ಟವಲ್ಲ. ಅದರ ಸ್ಥಾನದಲ್ಲಿ ನಿಲ್ಲಬಲ್ಲ ದೇಶೀಯ ಹೆಸರೊಂದನ್ನು ಪಡೆಯುವುದು ಕಷ್ಟ. ಅಲ್ಲಿಯ ಸದಸ್ಯರ ಮಿಶ್ರಭಾವಕ್ಕೆ ಕಾರಣ ಹಿಂದಿನ ಮಮತೆ. ಇಲ್ಲಿಯ ಮಿಶ್ರಭಾವಕ್ಕೆ ಕಾರಣ ಮುಂದಿನ ಅಗತ್ಯ. ಆಜ್ಞೆಯು ಒಂದೇ ಆದರೂ ಅದು ಎದುರಿಸುವ ಭಾಷೆಗಳು ಬೇರೆಬೇರೆ.

ಹೆಸರುಗಳ ಭವಿಷ್ಯವನ್ನು ರೂಢಿಯೇ ನಿರ್ಣಯಿಸುತ್ತದೆ ಎಂಬುದಕ್ಕೆ ಕನ್ನಡ ನಾಡಿನ ಕ್ರೈಸ್ತ ಚರಿತ್ರೆಯಲ್ಲಿಯೂ ಸಾಕ್ಷ್ಯವಿದೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳು ದಕ್ಷಿಣ ಭಾರತ ಐಕ್ಯಸಭೆಯಲ್ಲಿ ಸೇರಿಹೋದ ಮೇಲೂ ಜನರ ಬಾಯಲ್ಲಿ ‘ಬಾಸೆಲ್ ಮಿಷನ್’ ಎಂಬ ಹೆಸರು ಉಳಿಯಿತು. ೧೯೪೭ರ ಸೆಪ್ಟೆಂಬರ್ ೨೭ರಂದು ಉದಯಿಸಿದ ಆ ಐಕ್ಯಸಭೆಯ ಹೆಸರೂ ಜನಬಳಕೆಯಲ್ಲಿ ‘ಸಿ.ಎಸ್.ಐ.’ ಎಂಬ ಮೂರು ಅಕ್ಷರಗಳಾಗಿ ಕಿರಿದಾಯಿತು. ದೀರ್ಘ ನಾಮಗಳಿಗೆ ನಾಲಗೆ ಸಲ್ಲಿಸುವ ಗೌರವ ಇಷ್ಟೇ.

ಇಂಥ ಸಮುದಾಯಗಳ ಬಗ್ಗೆ ಬರೆಯುವ ಕನ್ನಡ ಸಂಶೋಧಕರು ಎರಡು ಅಂಶಗಳನ್ನು ಗಮನದಲ್ಲಿಡುವುದು ಒಳಿತು. ಜೀವಂತ ಸಮುದಾಯವನ್ನು ಕುರಿತು ಬರೆಯುವಾಗ ಅದು ತನಗಾಗಿ ಒಪ್ಪಿಕೊಂಡ ಹೆಸರನ್ನು ಮೊದಲು ಕೊಡುವುದು ಸೌಜನ್ಯ ಮಾತ್ರವಲ್ಲ, ಶಾಸ್ತ್ರಶುದ್ಧವೂ ಹೌದು. ಚರಿತ್ರೆಯನ್ನು ನಿರೂಪಿಸುವಾಗ ಆಯಾ ಕಾಲದ ರೂಢನಾಮವನ್ನು ಅಳಿಸಿಹಾಕುವುದೂ ಸಲ್ಲದು. ‘ಮಾರ್ಮನ್’ ಎಂಬ ಮಾತನ್ನು ತೆಗೆದುಹಾಕಿದರೆ ಆ ಜನ ಅನುಭವಿಸಿದ ನಿಂದೆಯೂ ಅದನ್ನು ಅವರು ಗೆದ್ದುಕೊಂಡ ಬಗೆಯೂ ಜೊತೆಗೇ ಮರೆಯಾಗುತ್ತವೆ. ಹೈದರಾಬಾದಿನ ಸದಸ್ಯರು ತಮ್ಮ ಸಭೆಯನ್ನು ಮುಂದೆ ಏನೆಂದು ಕರೆದಾರು ಎಂಬುದನ್ನು ಸಾಲ್ಟ್ ಲೇಕ್ ನಗರದ ಸೂಚನೆಯಷ್ಟೇ ನಿರ್ಧರಿಸಲಾರದು. ಮನೆಯ ಹಿರಿಯರು ಕೇಳುವ ‘ನೀವು ಯಾವ ಸಭೆ?’ ಎಂಬ ಪ್ರಶ್ನೆಗೆ ಅವರ ಮಕ್ಕಳು ತೆಲುಗಿನಲ್ಲಿ, ಸಂಕೋಚವಿಲ್ಲದೆ, ಒಂದೇ ಉಸಿರಿನಲ್ಲಿ ಹೇಳಬಲ್ಲ ಹೆಸರು ಯಾವುದೋ ಅದೇ ಅಲ್ಲಿ ರೂಢಿಯಾಗಿ ನಿಲ್ಲುತ್ತದೆ.